ಖಾಲಿ ಬಿಟ್ಟ ಗಣಿತದ ಕಾಲಂ

ತಾಯಿ ಮಗಳು ಇಬ್ಬರೂ ಮಧುಗಿರಿಯ ನಮ್ಮ ಮನೆಗೆ ಬಂದಾಗ ಬೆಳಿಗ್ಗೆ ಹತ್ತು ಗಂಟೆ. ಪಾವಗಡದ ಕಡೆಯಿಂದ ಮೊದಲ ಬಸ್ಸಿಗೆ ಹೊರಟಿದ್ದರಂತೆ. ತಾಯಿಯ ಕೈಯಲ್ಲಿ ಹುಣಸೆಹಣ್ಣಿನ ಪೊಟ್ಟಣ, ಮಗಳ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಮಗಳು ಹೊಸ್ತಿಲನ್ನು ಕಾಲ ಹೆಬ್ಬೆರಳಿನಿಂದ ಮುಟ್ಟಿ ನೋಡಿ ಒಳಗೆ ಬಂದಳು. ಆ ಹೆಜ್ಜೆಯಿಂದಲೇ ನನಗೆ ಗುರುತು ಸಿಕ್ಕಿತು. ಆರೇಳು ವರ್ಷದ ಹಿಂದೆ, ನಾನಿನ್ನೂ ನಿವೃತ್ತನಾಗುವ ಮುಂಚೆ, ನಮ್ಮ ಶಾಲೆಯ ಮೆಟ್ಟಿಲನ್ನು ಹಾಗೇ ಮುಟ್ಟಿ ನೋಡಿ ಹತ್ತುತ್ತಿದ್ದ ಹುಡುಗಿ ಅವಳು. ಹುಟ್ಟಿನಿಂದ ಮಂದದೃಷ್ಟಿ. ಬೆಳಕು ಯಾವುದು, ನೆರಳು ಯಾವುದು ಎಂದು ಗೊತ್ತಾಗುತ್ತದೆ. ದಪ್ಪ ಅಕ್ಷರವನ್ನು ಮೂಗಿಗೆ ಹತ್ತಿರ ಹಿಡಿದರೆ ಓದುತ್ತಾಳೆ. ಅಷ್ಟೇ.

ನಾನು ಪಾವಗಡ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಗುಮಾಸ್ತನಾಗಿದ್ದೆ. ನನ್ನ ಓದು ಎಸ್ಸೆಸ್ಸೆಲ್ಸಿವರೆಗೆ. ಅದನ್ನೂ ಒಂದೇ ಏಟಿಗೆ ದಾಟಿದವನಲ್ಲ. ಮೊದಲ ಸಲ ಗಣಿತದಲ್ಲಿ ಬಿದ್ದು, ಎರಡನೆಯ ಸಲ ಸರಿಯಾಗಿ ಮೂವತ್ತೈದಕ್ಕೆ ಎದ್ದೆ. ಆಮೇಲೆ ನಲವತ್ತು ವರ್ಷ ಬೇರೆಯವರ ಮಕ್ಕಳ ಪರೀಕ್ಷೆಯ ಅರ್ಜಿ ತುಂಬುವುದೇ ನನ್ನ ಕೆಲಸವಾಯಿತು.

ತಾಯಿ ಪೊಟ್ಟಣವನ್ನು ನನ್ನ ಮುಂದಿಟ್ಟು ನೆಲದ ಮೇಲೆ ಕೂತಳು. ಕುರ್ಚಿ ತೋರಿಸಿದರೂ ಬೇಡವೆಂದಳು. ಅವಳದು ಪಾವಗಡದ ಕಡೆಯ ತೆಲುಗು ಬೆರೆತ ಕನ್ನಡ.

"ಪೋಸ್ಟಾಫೀಸ್ ಕೆಲಸಕ್ಕೆ ಕರೆದವ್ರೆ ಸಾಮಿ. ನಮ್ಮೂರಿಗೇ ಬಿದ್ದೈತೆ. ಇವ್ಳಂತೋರ್ಗೂ ಕೊಡ್ತಾರಂತೆ. ಪಾವಗಡದಾಗೆ ಸೈಬರ್‌ನೋಳು ಕಂಪ್ಯೂಟರ್‌ನಾಗೆ ಹಾಕಿದ್ರೆ, ಏಂಟೋ, ಮುಂದಕ್ಕೇ ಓಗ್ಲಿಲ್ಲ."

ಮಗಳು ಅಂಕಪಟ್ಟಿಯನ್ನು ನನ್ನ ಕಡೆ ಚಾಚಿದಳು. "ಗಣಿತದ ಕಾಲಂ ಖಾಲಿ ಬಿಟ್ರೆ ಪೇಜ್ ಮುಂದಕ್ಕೆ ಹೋಗಲ್ಲ ಸಾರ್. ಹತ್ತನೇ ಕ್ಲಾಸಲ್ಲಿ ಗಣಿತ ಪಾಸಾಗಿರ್ಲೇಬೇಕಂತೆ. ನಂದ್ರಲ್ಲಿ ಅದರ ಜಾಗದಲ್ಲಿ ಸಮಾಜಶಾಸ್ತ್ರ ಐತೆ. ಸೈಬರ್ ಅಕ್ಕ ಹೇಳಿದ್ಲು, ಹೋದ ವರ್ಷ ನನ್ನಂಥದ್ದೇ ಹುಡುಗಿ ಗಣಿತ ಬರೆದ್ಲಂತೆ. ರೂಲ್ಸ್ ಬದಲಾಗೈತಾ ಸಾರ್?"

ಇಲ್ಲಿ ನಾನು ನಿಲ್ಲಬೇಕು, ಏಕೆಂದರೆ ಇದನ್ನು ಬರೆಯಲು ಕೂತಿರುವುದೇ ಈ ಒಂದು ಪ್ರಶ್ನೆಗೆ ಕೊಟ್ಟ ಉತ್ತರಕ್ಕಾಗಿ.

ಎಸ್ಸೆಸ್ಸೆಲ್ಸಿಯಲ್ಲಿ ಬದಲಾಗಿರುವುದು ಎಷ್ಟೋ ಇದೆ. ನನ್ನ ಕಾಲದಲ್ಲಿ ಕನ್ನಡ ಪತ್ರಿಕೆಯೆಂದರೆ ಉದ್ದುದ್ದ ಪ್ರಬಂಧ, ಗಣಿತವೆಂದರೆ ಬಾಯಿಪಾಠದ ಮಗ್ಗಿ ಮತ್ತು ಲಾಗ್ ಪುಸ್ತಕ. ಈಗ ವರ್ಷಕ್ಕೆ ಮೂರು ಪರೀಕ್ಷೆ. ಕೊಠಡಿಗೊಂದು ಕ್ಯಾಮೆರಾ. ಪಾಸಾಗಲು ಎಷ್ಟು ಬೇಕೆಂಬ ಲೆಕ್ಕವೂ ಬೇರೆ. ಆದರೆ ಈ ಹುಡುಗಿ ಕೇಳಿದ ವಿಷಯದಲ್ಲಿ ಏನೂ ಬದಲಾಗಿರಲಿಲ್ಲ. ಅಂಗವಿಕಲ ಮಕ್ಕಳು ಇಷ್ಟಪಟ್ಟರೆ ಗಣಿತದ ಬದಲು ಬೇರೆ ವಿಷಯ ತೆಗೆದುಕೊಳ್ಳಲು ಒಂದು ಅನುಕೂಲ ಇತ್ತು. ಇಷ್ಟವಿಲ್ಲದವರು ಎಲ್ಲರಂತೆ ಗಣಿತವನ್ನೇ ಬರೆಯಬಹುದಿತ್ತು. ಅವಳ ಕಾಲದಲ್ಲೂ ಹಾಗೇ ಇತ್ತು.

ಅರ್ಜಿಯಲ್ಲಿ ಅದಕ್ಕೊಂದು ಚೌಕ. ಅದರಲ್ಲಿ ಟಿಕ್ ಹಾಕಿದವನು ನಾನು. ಅವಳನ್ನು ಕೇಳಲಿಲ್ಲ. ತಾಯಿಯನ್ನು ಕಚೇರಿಗೆ ಕರೆಸಿ, "ಇಂಥಾ ಮಕ್ಕಳಿಗೆ ಗಣಿತ ಇರಲ್ಲ ಕಣಮ್ಮ, ಸರ್ಕಾರದ ರೂಲ್ಸು, ಇಲ್ಲಿ ಒತ್ತು" ಎಂದು ಒಪ್ಪಿಗೆ ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ನಮ್ಮದೊಂದು ಶೈಕ್ಷಣಿಕ ಜಿಲ್ಲೆ. ಫಲಿತಾಂಶದ ದಿನ ಯಾವ ತಾಲ್ಲೂಕು ಮೇಲೆ, ಯಾವ ಶಾಲೆ ನೂರಕ್ಕೆ ನೂರು ಎಂದು ಎಲ್ಲರೂ ಕಾಯುತ್ತಿದ್ದರು. ನೂರಕ್ಕೆ ನೂರು ಬಂದ ವರ್ಷ ಮೇಷ್ಟ್ರುಗಳ ಜೊತೆ ನನಗೂ ಒಂದು ಶಾಲು ಹೊದಿಸಿದ್ದರು. ಯಾರೂ ನನಗೆ ಹೀಗೆ ಮಾಡು ಎಂದು ಹೇಳಿರಲಿಲ್ಲ. ಗಣಿತದಲ್ಲಿ ಬೀಳಬಹುದಾದ ಮಗುವನ್ನು ಗಣಿತದಿಂದಲೇ ತೆಗೆದುಬಿಟ್ಟರೆ ಬೀಳುವ ಮಾತೇ ಇಲ್ಲ ಎಂಬ ಉಪಾಯ ನನ್ನದೇ. ಅದನ್ನು ಕರುಣೆ ಎಂದೂ ನಂಬಿದ್ದೆ. ನಾನೇ ಬಿದ್ದ ಹಳ್ಳಕ್ಕೆ ಕಣ್ಣು ಕಾಣದ ಮಗುವನ್ನು ಯಾಕೆ ತಳ್ಳಲಿ ಎಂದು.

ಈಗ ಅವಳು ನನ್ನ ಮುಂದೆ ಕೂತು ರೂಲ್ಸ್ ಬದಲಾಗಿದೆಯಾ ಎಂದು ಕೇಳುತ್ತಿದ್ದಾಳೆ.

"ಹೌದಮ್ಮ," ಎಂದೆ. "ಈಗ ಬದಲಾಗಿದೆ."

ಮೊದಲ ಸುಳ್ಳನ್ನು ಹೇಳುವಾಗ ಅರ್ಧ ನಂಬಿಕೆಯಾದರೂ ಇತ್ತು. ಈ ಎರಡನೆಯದನ್ನು ಪೂರ್ತಿ ತಿಳಿದೇ ಹೇಳಿದೆ.

ತಾಯಿಯ ಮುಖ ಅರಳಿತು. "ಸೂಸಾವಾ, ನಾನು ಯೋಳ್ಳಿಲ್ವಾ, ಸಾರ್ ಅತ್ರ ಓದ್ರೆ ದಾರಿ ಸಿಕ್ತೈತೆ ಅಂತ!" ಎಂದು ಮಗಳ ತೊಡೆ ತಟ್ಟಿದಳು.

ದಾರಿ ಇತ್ತು. ಮುಕ್ತ ಶಾಲೆಯ ಪದ್ಧತಿಯಲ್ಲಿ ಗಣಿತ ಒಂದನ್ನೇ ಕಟ್ಟಿ ಬರೆಯಬಹುದು ಎಂದು ವಿಚಾರಿಸಿ ತಿಳಿದುಕೊಂಡೆ. ಆ ಸಲದ ಅಂಚೆ ಅರ್ಜಿಯ ಗಡುವು ಮುಗಿದುಹೋಗುತ್ತಿತ್ತು. ಮುಂದಿನ ಕರೆಯೊಳಗೆ ಗಣಿತ ಕೈಗೆ ಬರಬೇಕು. ಅರ್ಜಿಯನ್ನು ನಾನೇ ತುಂಬಿದೆ. ಪ್ರತಿ ಭಾನುವಾರ ಬಂದು ಪಠ್ಯಪುಸ್ತಕ ಓದಿ ಹೇಳುತ್ತೇನೆ ಎಂದೂ ಮಾತು ಕೊಟ್ಟೆ. ಮನೆಯಲ್ಲಿ ನನ್ನ ಹೆಂಡತಿ ನಕ್ಕಳು. "ನೀವು ಗಣಿತ ಹೇಳ್ಕೊಡಾದಾ? ತರಕಾರಿಯೋನು ಚಿಲ್ಲರೆ ಕೊಟ್ರೆ ನನ್ನ ಕಡೆ ತಿರುಗಿ ನೋಡ್ತೀರ!"

"ಹೇಳ್ಕೊಡಲ್ಲ ಕಣೇ. ಓದ್ತೀನಿ. ಓದಕ್ಕೆ ಬರುತ್ತಲ್ಲ."

ಅದೂ ಸರಿಯಾಗಿ ಬರುವುದಿಲ್ಲ ಎಂದು ಮೊದಲ ಭಾನುವಾರವೇ ಗೊತ್ತಾಯಿತು.

ಅವರ ಊರು ರಾಯಚರ್ಲಿನಿಂದ ಸ್ವಲ್ಪ ಆಚೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಕಣ್ಣು ಹೋಗುವಷ್ಟು ದೂರವೂ ನೀಲಿ ಹಲಗೆಗಳು, ಎಲ್ಲವೂ ಒಂದೇ ಕಡೆಗೆ ಮುಖ ಮಾಡಿ ಬಿಸಿಲು ಕುಡಿಯುತ್ತಿರುತ್ತವೆ. ತಾಯಿಗೆ ಆ ಸೋಲಾರ್ ಹಲಗೆಗಳನ್ನು ತೊಳೆಯುವ, ಕೆಳಗೆ ಬೆಳೆದ ಹುಲ್ಲು ಕೀಳುವ ಕೂಲಿ. ಮನೆಯ ಮುಂದೆ ಬೇವಿನ ಮರದ ಕೆಳಗೆ ನನಗೊಂದು ಚಾಪೆ ಹಾಸಿದರು. ಪುಸ್ತಕ ತೆಗೆದು ತ್ರಿಭುಜಗಳ ಪಾಠದಿಂದ ಶುರು ಮಾಡಿದೆ.

"ಇಲ್ಲೊಂದು ಚಿತ್ರ ಇದೆಯಮ್ಮ. ಒಂದು ಗೆರೆ ಹಿಂಗೆ ಹೋಗಿದೆ. ಇನ್ನೊಂದು ಗೆರೆ ಹಿಂಗೆ."

"ಹಿಂಗೆ ಅಂದ್ರೆ ಹೆಂಗೆ ಸಾರ್?"

"ಓರೆಯಾಗಿ."

"ಎಲ್ಲಿಂದ ಎಲ್ಲಿಗೆ? ಗೆರೆ ತುದೀಲಿ ಅಕ್ಷರ ಇರ್ತಾವಲ್ಲ, ಅವನ್ನ ಹೇಳಿ. ಯಾವುದು ಯಾವುದನ್ನ ಮುಟ್ಟೈತೆ ಹೇಳಿ. ಉಳಿದಿದ್ದು ನಾನು ನೋಡ್ಕೋತೀನಿ."

ನೋಡಿಕೊಳ್ಳುತ್ತೇನೆ ಎಂದಳು. ನಾನು ಹೇಳಿದೆ: ಎ ಇಂದ ಬಿ, ಬಿ ಇಂದ ಸಿ, ಸಿ ಇಂದ ಎ, ಎ ಬಿ ಮೇಲೆ ಡಿ ಎಂಬ ಬಿಂದು, ಎ ಸಿ ಮೇಲೆ ಇ, ಡಿ ಇ ಸೇರಿಸುವ ಗೆರೆ ಬಿ ಸಿ ಗೆರೆಗೆ ಸಮಾಂತರ. ಅವಳು ತನ್ನ ಎಡ ಅಂಗೈ ಮೇಲೆ ಬಲಗೈ ಬೆರಳಿನಿಂದ ಗೆರೆ ಎಳೆಯುತ್ತಾ ಹೋದಳು. ನಾನು ನಿಲ್ಲಿಸಿದ ಮೇಲೂ ಆ ಬೆರಳು ಸ್ವಲ್ಪ ಹೊತ್ತು ಆಡಿತು. ಆಮೇಲೆ ಪುಟದ ಕೊನೆಯಲ್ಲಿ ಬರಬೇಕಾದ ಮಾತನ್ನು, ನಾನಿನ್ನೂ ಓದಿರದ ಮಾತನ್ನು, ಅವಳೇ ಹೇಳಿದಳು. "ಹಂಗಾದ್ರೆ ಎರಡು ಕಡೆಗೂ ಒಂದೇ ಅಳತೇಲಿ ಹರಿದಂಗೆ ಆಯ್ತಲ್ಲ ಸಾರ್. ಈ ಕಡೆ ಮೂರಕ್ಕೆ ಎರಡಾದ್ರೆ ಆ ಕಡೇನೂ ಮೂರಕ್ಕೆ ಎರಡು."

ನಲವತ್ತು ವರ್ಷ ಬರವಣಿಗೆಯಿಂದ ಅನ್ನ ತಿಂದವನು ನಾನು. ಒಂದು ಚಿತ್ರವನ್ನು ಕಾಣದವರಿಗೆ ಕಾಣುವಂತೆ ಹೇಳುವುದನ್ನು ಅವಳಿಂದ ಕಲಿತೆ.

ಒಂದು ಭಾನುವಾರ ಶ್ರೇಢಿಗಳ ಪಾಠ ಓದುತ್ತಿದ್ದೆ. ಮೊದಲ ಪದ ಇಷ್ಟು, ಸಾಮಾನ್ಯ ವ್ಯತ್ಯಾಸ ಇಷ್ಟು ಎಂದು ನನಗೇ ಅರ್ಥವಾಗದ್ದನ್ನು ಓದುವಾಗ ಅವಳು ತಡೆದಳು.

"ನಮ್ಮವ್ವ ತೊಳೆಯೋ ಜಾಗ ಬೆಟ್ಟದ ಬುಡದಲ್ಲಿ ಮೂಲೆ ಆಗೈತೆ ಸಾರ್. ಬುತ್ತಿ ಕೊಡಕ್ಕೆ ಹೋದಾಗ ಕಂಬ ಮುಟ್ಕೊಂಡು ಓಡಾಡಿದೀನಿ. ಮೊದಲ ಸಾಲಲ್ಲಿ ಹದಿನಾಲ್ಕು ಹಲಗೆ. ಆಮೇಲೆ ಸಾಲಿಗೆ ನಾಲ್ಕು ನಾಲ್ಕು ಜಾಸ್ತಿ. ಇಪ್ಪತ್ತು ಸಾಲು. ಒಟ್ಟು ಎಷ್ಟು ಹೇಳಿ?"

"ಲೇ, ಸಾರ್‌ನ ಪರೀಕ್ಸೆ ಮಾಡ್ತೀಯಾ?" ಎಂದು ತಾಯಿ ಒಳಗಿನಿಂದ ಗದರಿದಳು.

ನಾನು ಪೆನ್ನು ತೆಗೆದು ಪುಸ್ತಕದ ಹಿಂದಿನ ಪುಟದಲ್ಲಿ ಒಂದರ ಕೆಳಗೊಂದು ಬರೆದು ಕೂಡಿದೆ. ಹದಿನಾಲ್ಕು, ಹದಿನೆಂಟು, ಇಪ್ಪತ್ತೆರಡು. ತಾಯಿ ಟೀ ತಂದಿಟ್ಟಳು, ಅದರ ಮೇಲೆ ಕೆನೆ ಕಟ್ಟಿತು. ಕೊನೆಗೆ, "ಸಾವಿರದ ಮೂವತ್ತಾರು" ಎಂದೆ.

"ಎಲ್ಲೋ ನಾಲ್ಕು ಬಿಟ್ಟಿದೀರ ಸಾರ್. ಸಾವಿರದ ನಲವತ್ತು."

ಮತ್ತೆ ಕೂಡಿದೆ. ಬಿಟ್ಟಿದ್ದೆ.

"ಮೊದಲ ಸಾಲು, ಕೊನೇ ಸಾಲು ಸೇರಿಸಿದ್ರೆ ನೂರಾ ನಾಲ್ಕು. ಎರಡನೇದು, ಕೊನೆಗಿಂತ ಮೊದಲಿಂದು ಸೇರಿಸಿದ್ರೂ ನೂರಾ ನಾಲ್ಕು. ಅಂಥವು ಹತ್ತು ಜೊತೆ. ಕೂಡೋ ಗೋಜೇ ಇಲ್ಲ." ಅವಳಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬುತ್ತಿ ಹಿಡಿದು ನಡೆಯುವಾಗ ತಾನೇ ಕಂಡುಕೊಂಡಿದ್ದಳು. ನಾನು ಓದುತ್ತಿದ್ದ ಪುಟದ ಸೂತ್ರವನ್ನು ಈಗ ನೋಡಿದರೆ ಅದೂ ಅದೇ ಮಾತನ್ನು ಹೇಳುತ್ತಿತ್ತು. ಐವತ್ತು ವರ್ಷದ ಹಿಂದೆ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತಿದ್ದ ಸೂತ್ರ ಅದು. ಅದರೊಳಗೆ ಒಂದು ಅರ್ಥ ಇದೆಯೆಂದು ಅವತ್ತಿನವರೆಗೆ ನನಗೆ ಅನ್ನಿಸಿಯೇ ಇರಲಿಲ್ಲ.

ಆದರೆ ನನ್ನನ್ನು ನೆಲಕ್ಕಿಳಿಸಿದ್ದು ಟವರಿನ ನೆರಳು. ಅವರ ಮನೆಯ ಹಿಂದಿನ ಬಯಲಿನಲ್ಲಿ ಕರೆಂಟಿನ ದೊಡ್ಡ ತಂತಿ ಹೊತ್ತ ಒಂದು ಉಕ್ಕಿನ ಟವರ್ ಇದೆ. ತ್ರಿಕೋನಮಿತಿಯ ಪಾಠದಲ್ಲಿ "ಟ್ಯಾನ್ ನಲವತ್ತೈದು ಡಿಗ್ರಿ ಅಂದರೆ ಒಂದು" ಎಂದು ಓದಿದಾಗ ಅವಳು ನಕ್ಕು, "ಅದು ನಮ್ಮ ಟವರಿಂದು ಸಾರ್" ಎಂದಳು. ನನಗೆ ತಿಳಿಯಲಿಲ್ಲ. ಮೂರು ಗಂಟೆಯಾಗಲಿ, ತೋರಿಸುತ್ತೇನೆ ಎಂದಳು.

ಮೂರು ಗಂಟೆಯ ಮೇಲೆ ಬಯಲಿಗೆ ಹೋದೆವು. ಒಂದು ಮೊಳದ ಕೋಲನ್ನು ನೆಲಕ್ಕೆ ನೆಟ್ಟು ಅದರ ಪಕ್ಕ ಕುಕ್ಕರುಗಾಲಿನಲ್ಲಿ ಕೂತಳು. ಬಿಳಿ ಮಣ್ಣಿನ ಮೇಲೆ ಬಿದ್ದ ನೆರಳಿಗೆ ಮುಖ ಹತ್ತಿರ ತಂದು, ಮೊಳಕೈ ಊರಿ ಅಳೆದಳು. "ಇನ್ನಾ ಚೋಟುದ್ದ ಬರ್ಬೇಕು." ಕಾದೆವು. ಎರಡು ಮೇಕೆ ಬಂದವು, ಅವನ್ನು ಓಡಿಸಿದೆ. ಮತ್ತೆ ಮೊಳಕೈ ಊರಿದಳು. "ಆಯ್ತು. ಈಗ ಕೋಲು ಎಷ್ಟೋ ನೆರಳೂ ಅಷ್ಟೇ. ಜಲ್ದಿ ಬನ್ನಿ ಸಾರ್, ಹೊತ್ತು ಕಾಯಲ್ಲ."

ಟವರಿನ ಬುಡದ ನಡುವಿನಿಂದ ನೆರಳಿನ ತುದಿಯವರೆಗೆ, ಮೊಳಕ್ಕೊಂದು ಗಂಟು ಹಾಕಿದ ಹಗ್ಗ ಹಿಡಿದು ಅಳೆದಳು. ನೆರಳು ಎಲ್ಲಿ ಮುಗಿಯುತ್ತದೆ ಎಂದು ಪಾದದಲ್ಲಿ ನೋಡಿದಳು. ಬಿಸಿಯಾದ ಮಣ್ಣು, ತಂಪಾದ ಮಣ್ಣು, ಮತ್ತೆ ಬಿಸಿ. "ಅರವತ್ತೆರಡು. ಟವರೂ ಅರವತ್ತೆರಡು ಮೊಳ."

ನಾನು ತಲೆಯೆತ್ತಿ ಟವರನ್ನು ನೋಡಿದೆ. ಅದರ ತುದಿ ನನಗೆ ಕಾಣುತ್ತಿತ್ತು, ಎತ್ತರ ಗೊತ್ತಿರಲಿಲ್ಲ. ಅವಳಿಗೆ ತುದಿ ಎಂದೂ ಕಂಡಿಲ್ಲ. ಬರಿಗಾಲಿನಲ್ಲಿ ನಿಂತು ಆಕಾಶದಲ್ಲಿರುವುದನ್ನು ನೆಲದ ಮೇಲೆ ಅಳೆದು ಹೇಳಿದಳು. ದೇವಸ್ಥಾನದಲ್ಲಿ ಮಂಗಳಾರತಿ ಎತ್ತಿದಾಗ ಆಗುವಂತೆ ನನಗರಿಯದೆ ಕೈ ಎದೆಯ ಹತ್ತಿರ ಬಂದಿತ್ತು. ಗಣಿತ ಇದಾಗಿದ್ದರೆ ನಾನು ಓದಿದ್ದೇನು? ನಾನು ಪಾಸಾಗಿದ್ದೇನು?

"ಯಾಕ್ ಸಾರ್? ತಪ್ಪಾಯ್ತಾ?"

"ಇಲ್ಲಮ್ಮ. ಸರಿಯಾಗಿದೆ." ಸರಿಯೋ ತಪ್ಪೋ ಹೇಳಲು ನನಗೆ ಯಾವ ಅರ್ಹತೆಯೂ ಇರಲಿಲ್ಲ.

ಅವತ್ತೇ ಹೇಳಬೇಕಿತ್ತು. ಬಸ್ ಹತ್ತುವವರೆಗೂ ಮಾತು ನಾಲಿಗೆಯ ತುದಿಯಲ್ಲಿತ್ತು. ಪರೀಕ್ಷೆಗೆ ಮುಂಚೆ ಹೇಳಿದರೆ ಮನಸ್ಸು ಕೆಡಿಸಿಕೊಂಡಾಳು ಎಂದು ನನಗೆ ನಾನೇ ನೆಪ ಕೊಟ್ಟುಕೊಂಡೆ. ಹೀಗೆ ಹದಿನೆಂಟು ಭಾನುವಾರ ಕಳೆದವು.

ಪರೀಕ್ಷೆ ಸಿರಾದಲ್ಲಿ ಬಿತ್ತು. ಬಸ್ಸು ತಡವಾಗಿ, ಬಸ್ ನಿಲ್ದಾಣದಿಂದ ಆಟೋ ಹಿಡಿದೆವು. "ಅರೆ ಚಾಚಾ, ಬೇಟಿದು ಎಕ್ಸಾಮಾ? ಮೊದ್ಲೇ ಹೇಳ್ಬಾರ್ದಾ, ಕೂತ್ಕೊಳ್ಳಿ" ಎಂದು ಚಾಲಕ ಗಲ್ಲಿಗಲ್ಲಿ ನುಗ್ಗಿಸಿ ಗೇಟಿನ ಮುಂದೆ ಇಳಿಸಿದ. ಅವಳಿಗೆ ದಪ್ಪಕ್ಷರದ ಪ್ರಶ್ನೆಪತ್ರಿಕೆ, ಹೆಚ್ಚಿನ ಸಮಯ ಎರಡೂ ಸಿಕ್ಕಿದ್ದವು. ಬೇರೆಯವರ ಕೈಯಲ್ಲಿ ಬರೆಸುವುದಿಲ್ಲ, ನನ್ನ ಕೈಯಲ್ಲೇ ಬರೆಯುತ್ತೇನೆ ಎಂದು ಹಟ ಹಿಡಿದು ದಪ್ಪ ಕಪ್ಪು ಪೆನ್ನುಗಳನ್ನು ತಂದಿದ್ದಳು. ತಾಯಿ, ನಾನು ಹೊರಗೆ ಹೊಂಗೆ ಮರದ ಕೆಳಗೆ ಕೂತೆವು. ಎಲ್ಲ ಮಕ್ಕಳೂ ಹೊರಬಂದು ಬಹಳ ಹೊತ್ತಾದ ಮೇಲೆ ಅವಳು ಬಂದಳು. ಮೂಗಿನ ತುದಿಯೆಲ್ಲ ಮಸಿ.

"ಟವರ್ ಲೆಕ್ಕ ಬಂದಿತ್ತು ಸಾರ್! ಅರವತ್ತು ಡಿಗ್ರಿದು. ಬುಡುಬುಡು ಅಂತ ಬರ್ದ್ಬುಟ್ಟೆ."

ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ಇಡ್ಲಿ ತಿಂದೆವು. ತಾಯಿ ಮಗಳ ಮೂಗಿನ ಮಸಿಯನ್ನು ಸೆರಗಿನಿಂದ ಒರೆಸುತ್ತಿದ್ದಳು. ಮಗಳು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹೇಳಿದಳು: "ರೂಲ್ಸ್ ಬದಲಾಗಿದ್ದು ಒಳ್ಳೇದಾಯ್ತು ಸಾರ್. ಯಾರು ಬದಲಾಯಿಸಿದ್ರೋ ಅವ್ರಿಗೆ ಪುಣ್ಯ ಬರ್ಲಿ."

ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ನೀರು ಕುಡಿದು ಹೇಳಿದೆ.

"ರೂಲ್ಸ್ ಬದಲಾಗಿಲ್ಲಮ್ಮ. ನಿನ್ನ ಕಾಲದಲ್ಲೂ ನೀನು ಗಣಿತ ಬರೀಬಹುದಿತ್ತು. ಶಾಲೆಯ ರಿಸಲ್ಟ್ ಕೆಡುತ್ತೆ ಅಂತ ನಾನು ತೆಗೆಸಿದೆ. ಸರ್ಕಾರದ ರೂಲ್ಸು ಅಂತ ನಿಮ್ಮಮ್ಮನಿಗೆ ಸುಳ್ಳು ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡೆ. ಅವತ್ತು ನಮ್ಮ ಮನೆಗೆ ಬಂದಾಗಲೂ ಸುಳ್ಳು ಹೇಳಿದೆ."

ತಾಯಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಎದ್ದು ನಿಂತಳು. ಕೈಯ ಹೆಬ್ಬೆಟ್ಟನ್ನು ನನ್ನ ಮುಖದ ಮುಂದೆ ಹಿಡಿದಳು. "ಈ ಏಲುನಾ ಸಾಮಿ? ಈ ಬೆಟ್ಟಿಗಾ ಸುಳ್ಳು ಯೋಳಿದ್ದು? ನಿಮ್ಗೆ ಉಣಿಸೆಹಣ್ಣು ಬ್ಯಾರೆ ತಂದ್ಕೊಟ್ನಲ್ಲ ನಾನು! ವಾರ ವಾರ ಟೀ ಕಾಸ್ಕೊಟ್ನಲ್ಲ!" ಹೋಟೆಲಿನವರೆಲ್ಲ ತಿರುಗಿ ನೋಡಿದರು. ಆರೇಳು ವರ್ಷ ಆ ಹುಡುಗಿ ಏನು ಮಾಡುತ್ತಿದ್ದಳೆಂದು ಆ ಹೊತ್ತಿನಲ್ಲಿ ಲೆಕ್ಕ ಹಾಕಿದೆ. ಬುತ್ತಿ ಹೊರುತ್ತಿದ್ದಳು. ಹಲಗೆ ಎಣಿಸುತ್ತಿದ್ದಳು.

ಮಗಳು ಲೋಟವನ್ನು ಮೇಜಿನ ಅಂಚು ಹುಡುಕಿ ಮೆಲ್ಲಗೆ ಇಟ್ಟಳು. ಬೈಯುತ್ತಾಳೆಂದುಕೊಂಡೆ, ಅಳುತ್ತಾಳೆಂದುಕೊಂಡೆ.

"ಎಷ್ಟು ಜನಕ್ಕೆ ಹಂಗೆ ಹೇಳಿದ್ರಿ ಸಾರ್?"

ಈ ಪ್ರಶ್ನೆ ನನಗೆ ನಾನೇ ಯಾವತ್ತೂ ಹಾಕಿಕೊಂಡಿರಲಿಲ್ಲ. ಬೆರಳು ಮಡಿಸಿದೆ. ಐ.ಡಿ.ಹಳ್ಳಿಯಲ್ಲಿ ಅಜ್ಜಿಮನೆಯಿದ್ದ, ಕಿವಿ ಕೇಳದ ಹುಡುಗ. ಕೊರಟಗೆರೆಗೆ ಮದುವೆಯಾಗಿ ಹೋದ, ಒಂದು ಕಣ್ಣಿನವಳು. ಕೈ ನಡುಗುತ್ತಿದ್ದ ಅಣ್ಣತಮ್ಮ ಇಬ್ಬರು. ಇನ್ನಿಬ್ಬರು. "ನಿನ್ನ ಸೇರಿಸಿ ಏಳು."

"ಅವ್ರಿಗೆಲ್ಲ ಇನ್ನೂ ರೂಲ್ಸು ಅಂತ್ಲೇ ಗೊತ್ತು."

"ಹೌದು."

ಪಾವಗಡದ ಬಸ್ಸು ಬಂತು. ಅವಳು ತಾಯಿಯ ಭುಜ ಹಿಡಿದು ಎದ್ದಳು. "ಮುಂದಿನ ಭಾನುವಾರ ನಮ್ಮೂರಿಗೆ ಬರ್ಬೇಡಿ ಸಾರ್. ಆ ಆರು ಜನರ ಮನೆಗೆ ಹೋಗಿ. ಹೋಗಿ ಇದೇ ಮಾತನ್ನ ಹೇಳಿ, ಇವತ್ತು ಹೇಳಿದಂಗೇ." ತಾಯಿ ನನ್ನ ಕಡೆ ನೋಡದೆ ಬಸ್ ಹತ್ತಿದಳು.

ಹೋಗುತ್ತಿದ್ದೇನೆ. ಎಪ್ಪತ್ತರ ಹತ್ತಿರದ ಕಾಲಿಗೆ ಇದು ಸುಲಭವಲ್ಲ, ಆದರೆ ಕಾಲಿನ ನೋವು ಕಡಿಮೆಯದು. ಐ.ಡಿ.ಹಳ್ಳಿಯವನ ಮುಂದೆ ಎಲ್ಲವನ್ನೂ ಕಾಗದದ ಮೇಲೆ ಬರೆದು ಹಿಡಿದೆ. ಎರಡು ಸಲ ಓದಿದ. ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡು ಬಾಗಿಲು ಹಾಕಿಕೊಂಡ. ಅಣ್ಣತಮ್ಮಂದಿರಲ್ಲಿ ದೊಡ್ಡವನು ನಕ್ಕುಬಿಟ್ಟ. "ಅಯ್ಯೋ ಬುಡಿ ಸಾರ್, ನನ್ಗೆ ಗಣಿತ ಅಂದ್ರೆ ಜ್ವರ ಬರ್ತಿತ್ತು, ನೀವು ಉಪಕಾರಾನೇ ಮಾಡಿದ್ರಿ" ಎಂದ. ಚಿಕ್ಕವನು ನಗಲಿಲ್ಲ. ಕೊರಟಗೆರೆಯವಳು ಮಗುವಿಗೆ ಊಟ ಮಾಡಿಸುತ್ತಾ ಕೇಳಿಸಿಕೊಂಡು, ಕೊನೆಗೆ ಒಂದೇ ಮಾತು ಕೇಳಿದಳು. "ಈಗ್ಲೂ ಬರೀಬೋದಾ?" ಬರೆಯಬಹುದು ಎಂದೆ. ಓದಿ ಹೇಳಲು ಬರುತ್ತೇನೆ ಎಂದೆ. ಹೇಳಿಕೊಡುವವರು ಬೇರೆ ಇದ್ದಾರೆ, ಕೇಳಿ ನೋಡುತ್ತೇನೆ ಎಂದೆ.

ಕಳೆದ ವಾರ ಬೆಳಿಗ್ಗೆ ಫೋನ್ ಬಂತು. ಸಿರಾದಲ್ಲಿ ಬೇರೆಯಾದ ಮೇಲೆ ಮೊದಲ ಸಲ.

"ರಿಸಲ್ಟ್ ಬಂತು ಸಾರ್. ಎಂಬತ್ತೊಂದು." ನಾನು ಏನಾದರೂ ಹೇಳುವ ಮುಂಚೆಯೇ ಮುಂದುವರಿಸಿದಳು. "ಅಂಚೆಯೋರು ಮತ್ತೆ ಕರೆದವ್ರೆ. ಈಗ ಸೈಬರಲ್ಲೇ ಇದೀನಿ. ಗಣಿತದ ಕಾಲಂಗೆ ಅಕ್ಕ ಈಗ ಹಾಕ್ತಾ ಅವ್ಳೆ. ತಡೀರಿ."

ತಡೆದೆ. ಆ ಕಡೆ ಕೀಲಿಮಣೆಯ ಸದ್ದು, ರಸ್ತೆಯ ಹಾರ್ನ್, ಅವಳ ತಾಯಿ ಏನೋ ಕೇಳಿದ್ದು. ಮೂವತ್ತೈದು ತೆಗೆದುಕೊಂಡು ನಲವತ್ತು ವರ್ಷ ಉಂಡ ನಾನು ಕಿವಿಗೆ ಫೋನ್ ಒತ್ತಿಕೊಂಡು, ಪಾವಗಡದ ಒಂದು ಅಂಗಡಿಯ ಕಂಪ್ಯೂಟರಿನಲ್ಲಿ ಎರಡು ಅಂಕಿ ಬೀಳುವುದನ್ನು ಉಸಿರು ಹಿಡಿದು ಕೇಳಿದೆ.

"ಮುಂದಕ್ಕೆ ಹೋಯ್ತು ಸಾರ್," ಎಂದಳು. ಸ್ವಲ್ಪ ತಡೆದು, "ಆರರಲ್ಲಿ ಎಷ್ಟು ಉಳೀತು?"

"ಎರಡು. ಕೊರಟಗೆರೆಯಲ್ಲಿರೋಳು ಮಾತ್ರ ಈಗ್ಲೂ ಬರೀಬೋದಾ ಅಂತ ಕೇಳಿದ್ಲು. ಹೇಳ್ಕೊಡೋರು ಬೇಕು."

"ಕೊರಟಗೆರೆ ಅಕ್ಕನ ನಂಬರ್ ಕೊಡಿ. ಆಮೇಲೆ ಆ ಎರಡನ್ನೂ ಮುಗಿಸಿ."

ನಂಬರ್ ಹೇಳಿದೆ. ಅವಳು ಬರೆದುಕೊಳ್ಳಲಿಲ್ಲ. ಒಂದು ಸಲ ಕೇಳಿದಳು, ತಪ್ಪಿಲ್ಲದೆ ತಿರುಗಿ ಹೇಳಿದಳು, ಫೋನ್ ಇಟ್ಟಳು.